ಅಕ್ಕ ಹೊಲಿದ ದಿಂಬು

ಮರದ ಹೊಟ್ಟಿನ ಗುಳಿಗೆ ಉರಿಸುವ ಪೆಲೆಟ್ ಒಲೆ ಕೂರಿಸೋದರಲ್ಲಿ ಅವನದು ಎತ್ತಿದ ಕೈ. ಎಂಥ ದೊಡ್ಡ ಮನುಷ್ಯನಾದರೂ ಸರಿ, ಹೊಗೆಕೊಳವೆಯ ವಿಷಯಕ್ಕೆ ಬಂದರೆ ಮುಲಾಜಿಲ್ಲದೆ ಬೈದುಬಿಡುತ್ತಿದ್ದ. ಅಕ್ಕನ ಮುಂದೆ ಮಾತ್ರ ಅವನ ಬೇಳೆ ಬೇಯುತ್ತಿರಲಿಲ್ಲ.

ಒಲೆಗೆ ಹೊರಗಿನ ಗಾಳಿ ಸಿಗಲೆಂದು ಅವನು ಅಕ್ಕನ ಮನೆಯ ಗೋಡೆಗೆ ಕೊರೆದಿದ್ದ ತೂತಿನಲ್ಲಿ ಇವತ್ತು ಪುಟ್ಟ ದಿಂಬೊಂದು ಕೂತಿತ್ತು. ಪರದೆಯದೇ ಬಟ್ಟೆ, ಅಂಚಿಗೆ ಲೇಸು ಬೇರೆ.

"ಅಕ್ಕಾ, ಇದನ್ನ ಮುಚ್ಚಿದ್ರೆ ವಿಷಗಾಳಿ ಮನೆಯೊಳಗೇ ತುಂಬ್ಕೊಳ್ಳುತ್ತೆ. ವಾಸನೇನೂ ಬರಲ್ಲ. ಮಲಗಿದವರು ಏಳೋದೇ ಇಲ್ಲ!"

"ಬಿಡ್ತು ಅನ್ನು! ಬೆಚ್ಚಗಿರ್ಲಿ ಅಂತ ಒಲೆ ಹಾಕಿ, ಚಳಿ ಬರೋಕೆ ನೀನೇ ತೂತು ಕೊರೆದ್ರೆ ಹೇಗೋ?"

ಅವನು ದಿಂಬು ಕಿತ್ತ. ಅಕ್ಕ ಕಸಿದುಕೊಂಡು ಮತ್ತೆ ತುರುಕಿದಳು. ನಾಲ್ಕು ಸಲ ಹೀಗೇ ಆಯಿತು. ಕೊನೆಗೆ ಅವನು ಸೋತು ಕುರ್ಚಿಯಲ್ಲಿ ಕುಸಿದ.

"ಮುಖ ಯಾಕೋ ಊದಿಸ್ಕೊಂಡೆ? ಬೀದಿಯಲ್ಲಿ ನಿನ್ನ ಒಲೆ ಇರೋರೆಲ್ಲ ಚಳಿ ಚಳಿ ಅಂತ ಬೈತಿದ್ರು. ನಿನ್ನ ಮಾನ ಉಳಿಸೋಕೆ ಹನ್ನೊಂದು ಮನೆಗೂ ಹೊಲಿದು ಕೊಟ್ಟಿದೀನಿ. ಹನ್ನೆರಡನೇದು ನಿನ್ನ ಹೆಂಡ್ತಿ ಬೆಳಿಗ್ಗೆ ಬಂದು ಒಯ್ದಳು."

ಅವನು ಕಿಟಕಿಯಾಚೆ ನೋಡಿದ. ಸಂಜೆಯ ಚಳಿ ಏರುತ್ತಿತ್ತು. ಬೀದಿಯ ಮನೆಗಳ ಕೊಳವೆಗಳಲ್ಲಿ ಒಂದೊಂದಾಗಿ ಹೊಗೆ ಏಳತೊಡಗಿತ್ತು.