ಪಾಲಿಗೆ ಬಂದವಳು

"ಲೇ ನೀಲಿಕೈ, ತೊಟ್ಟೀಲಿ ಬಿದ್ದು ಸತ್ತೋದ್ಯೇನೆ? ಕರೆದ್ರೆ ಓಗೊಡೋಕೆ ಬಾಯಿಗೇನು ಲಕ್ವ ಹೊಡ್ದಿದೆಯಾ, ಮುಂಡೆ?"

ಅಂಗಳದಾಚೆಯ ಜಗಲಿಯಿಂದ ಕೂಗಿದ್ದು ಧಣಿಯ ದೊಡ್ಡ ಮಗ. ನೀಲಿಕೈ ಮೊಣಕೈವರೆಗೆ ನೀಲಿ ಬಣ್ಣದ ನಾಲ್ಕನೆಯ ತೊಟ್ಟಿಯೊಳಗಿದ್ದಳು. ಅದ್ದಿದ ಬಟ್ಟೆಯನ್ನು ನಡುವೆ ಕೈಬಿಟ್ಟರೆ ಅದು ಮೇಲೆ ತೇಲಿ, ಗಾಳಿ ತಾಗಿ ಕಲೆಗಟ್ಟುತ್ತದೆ. ಕಲೆ ಬಿದ್ದರೆ ಅದಕ್ಕೂ ಇದೇ ಬಾಯಿಂದ ಬೈಗುಳ. ಹಾಗಾಗಿ ಕೆಲಸ ಮುಗಿಯುವತನಕ ಕಿವುಡಿಯಾಗಿರುವುದನ್ನು ಅವಳು ಎಂದೋ ಕಲಿತಿದ್ದಳು. ಇವತ್ತು ಮಾತ್ರ, ಧಣಿಯ ಉಯಿಲು ಓದುವ ದಿನ, ಕಿವುಡುತನ ಒಗ್ಗಲಿಲ್ಲ. ಬಟ್ಟೆ ಹಿಂಡಿ ಹಗ್ಗಕ್ಕೆಸೆದು ಓಡಿದಳು.

ಮುದಿ ಧಣಿ ಸತ್ತು ತಿಂಗಳಾಗಿತ್ತು. ಸಾಯುವ ಮುಂಚೆ ಅವಳನ್ನು ಮಂಚದ ಹತ್ತಿರ ಕರೆಸಿ, ಹಲ್ಲಿಲ್ಲದ ಬಾಯಲ್ಲಿ "ಪತ್ರದಲ್ಲಿ ನಿನ್ಗೂ ಬರ್ದಿದೀನಿ ಕಣೆ" ಅಂದಿದ್ದ. ಹಾಗಂತ ಅವಳಿಗೆ ಕೇಳಿಸಿತ್ತು. ಏನು ಬರೆದಿದ್ದಾನೆ ಅಂತ ಅವಳೇನೂ ಕೇಳಲಿಲ್ಲ. ಕೇಳುವುದೇನು ಬಂತು? ತೊಟ್ಟಿಗಳ ಹಿಂದಿನ ಒಂಟಿಕೋಣೆಯೇ ಇರಬೇಕು. ಅವಳಜ್ಜಿ ಸತ್ತದ್ದು ಅಲ್ಲಿ, ಅವಳು ಹೆತ್ತದ್ದು ಅಲ್ಲಿ. ಕಿಟಕಿಗೆ ಬೆಳಕು ಚೆನ್ನಾಗಿ ಬರುತ್ತದೆ. ದರ್ಜಿಯಂಗಡಿಯಲ್ಲಿ ಇನ್ನೊಬ್ಬರ ಮಷೀನು ತುಳಿಯುತ್ತಿದ್ದ ಮಗಳು ಆ ಕಿಟಕಿಯಡಿ ತನ್ನದೇ ಮಷೀನು ಇಟ್ಟುಕೊಳ್ಳಬಹುದಿತ್ತು. ತಿಂಗಳಿಡೀ ತಾಯಿ ಮಗಳು ಮಷೀನನ್ನು ಯಾವ ಗೋಡೆಗೆ ತಿರುಗಿಸಿ ಇಡಬೇಕೆಂದು ಜಗಳವಾಡಿದ್ದರು. ಅವಳಿಗೆ ನಿದ್ದೆಯೇ ಹತ್ತಿರಲಿಲ್ಲ.

ಆ ಅಂಗಳಕ್ಕೆ ನೀಲಿ ಬಂದದ್ದೇ ಅವಳಜ್ಜಿಯಿಂದ. ಹಾಲಿಗೆ ಹೆಪ್ಪು ಹಾಕುವ ಹಾಗೆ ಹಳೇ ತೊಟ್ಟಿಯ ನೀರನ್ನು ಹೊಸದಕ್ಕೆ ಹಾಕಿದರೇನೇ ನೀಲಿ ಹುಟ್ಟುವುದು. ಮೊದಲ ಹೆಪ್ಪನ್ನು ಅಜ್ಜಿ ಗಡಿಗೆಯಲ್ಲಿ ಸೊಂಟದ ಮೇಲೆ ಹೊತ್ತು ತಂದಿದ್ದಳು. ಧಣಿಯ ಅಪ್ಪ ತಂದದ್ದು ಕಾಂಪೌಂಡು ಗೋಡೆ ಮಾತ್ರ. ಆಮೇಲೆ ದಿನವೂ ತೌಡು, ಸುಣ್ಣ ಉಣಿಸಿ, ನಾಲಿಗೆಗೆ ಹಚ್ಚಿ ರುಚಿ ನೋಡಿ, ಆ ನೀರನ್ನು ಮಗುವಿನ ಹಾಗೆ ಸಾಕಿದವರು ಮೂರು ತಲೆಮಾರಿನ ಹೆಂಗಸರು. ನಾಲ್ಕನೆಯ ತಲೆಮಾರನ್ನು ಮಾತ್ರ ನೀಲಿಕೈ ತೊಟ್ಟಿಯ ಹತ್ತಿರ ಸುಳಿಯಗೊಟ್ಟಿರಲಿಲ್ಲ.

ಜಗಲಿಯ ಮೇಲೆ ಅಣ್ಣತಮ್ಮಂದಿರು ಕುರ್ಚಿಗಳಲ್ಲಿದ್ದರು, ನಡುವೆ ಪತ್ರ ಬರಹಗಾರ. ಮಗಳು ಅರ್ಧ ದಿನ ರಜೆ ಹಾಕಿ ಬಂದು ಕೆಳಗೆ ನಿಂತಿದ್ದಳು. ಕಂಬ ಮುಟ್ಟಬೇಡ, ಬಣ್ಣ ಹತ್ತುತ್ತದೆ ಎಂದು ದೊಡ್ಡವನು ನೀಲಿಕೈಯನ್ನು ಗದರಿದ. ಅದೇ ಬಣ್ಣ ಮಾರಿ ಆ ಕಂಬ ಎದ್ದಿತ್ತು. ನೀಲಿಕೈ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡಳು.

ಬರಹಗಾರ ಓದಿದ. ಪೇಟೆಯ ಅಂಗಡಿಗಳೆಲ್ಲ ಚಿಕ್ಕವನಿಗೆ. ದೊಡ್ಡವನಿಗೆ ಬಣ್ಣದ ಅಂಗಳ. "ಅದರಲ್ಲಿರುವ ತೊಟ್ಟಿ ಆರು, ಬಾವಿ ಒಂದು, ಒಲೆ ಎರಡು, ನೀಲಿ ಕೆಲಸದ ಹೆಂಗಸು ಒಬ್ಬಳು." ಓದಿ ಹಾಳೆ ಮಡಿಚಿದ.

ನೀಲಿಕೈ ಕಾದಳು. ಮಗಳ ಮುಖ ಆಗಲೇ ಬಿಳಚಿಕೊಂಡಿತ್ತು.

"ಸ್ವಾಮಿ, ನಂಗೆ ಬರ್ದಿರೋದು ಇನ್ನೊಂದು ಹಾಳೇಲಿದೆಯಾ?"

ಬರಹಗಾರ ಕನ್ನಡಕದ ಮೇಲಿಂದ ನೋಡಿ ನಕ್ಕ. "ನಿಂಗಲ್ಲಮ್ಮ ಬರ್ದಿರೋದು. ನಿನ್ನನ್ನ."

ಅಣ್ಣತಮ್ಮಂದಿರು ಹೊಟ್ಟೆ ಹಿಡಿದುಕೊಂಡು ನಕ್ಕರು. ಪಾಲಿಗೆ ಬಂದದ್ದು ಪಂಚಾಮೃತ ಅಂದ ದೊಡ್ಡವನು. ಆ ಒಂಟಿಕೋಣೆಯನ್ನು ಕೆಡವಿ ಕಾರು ನಿಲ್ಲಿಸಲು ಜಾಗ ಮಾಡುವುದಾಗಿಯೂ ಹೇಳಿದ. ಅಷ್ಟಕ್ಕೆ ಚಿಕ್ಕವನು ತಗಾದೆ ತೆಗೆದ. ತಾನೂ ಒಂದು ಅಂಗಳ ಮಾಡುವವನಿದ್ದೇನೆ, ತಾಯಿ ಅಣ್ಣನಿಗಾದರೆ ಮಗಳು ತನಗಿರಲಿ ಎಂದ. ನಮ್ಮವ್ವ ಏನು ಒಲೆಯಾ, ನಾನೇನು ಸೌದೆಯಾ ಎಂದು ಮಗಳು ಕೇಳಿದ್ದು ಯಾರ ಕಿವಿಗೂ ಬೀಳಲಿಲ್ಲ.

"ಥೂ, ನ್ಯಾಯ ನೋಡು ಬಡ್ಡೀಮಗಂದು," ಅಂದ ದೊಡ್ಡವನು. "ಹಸು ನನ್ನ ಪಾಲಿಗೆ ಬಂದ್ಮೇಲೆ ಕರೂನ ಬೇರೆ ಕೇಳ್ತಾರೇನೋ?"

ನೀಲಿಕೈ ತೊಟ್ಟಿಗಳ ಕಡೆಗೆ ಹಿಂದಿರುಗಿದಳು. ಕೆಲಸಕ್ಕೆ ಹೋದಳು ಅಂದುಕೊಂಡ ಧಣಿಗಳು ಕರುವಿನ ಜಗಳ ಮುಂದುವರಿಸಿದರು. ಅವಳು ಬಟ್ಟೆ ಕದಡುವ ಕೋಲು ತೆಗೆದುಕೊಂಡು ಮೊದಲನೆಯ ತೊಟ್ಟಿಯ ಬುಡದ ಮರದ ಬಿರಡೆಗೆ ಹೊಡೆದಳು. ಎರಡೇಟಿಗೆ ಅದು ಹಾರಿತು. ಹಸಿರು ನೀರು ಚಿಮ್ಮಿ ಗಾಳಿ ತಾಗುತ್ತಲೇ ನೀಲಿಗೆ ತಿರುಗಿತು. ಎರಡನೆಯದು, ಮೂರನೆಯದು. ನೀರು ಜಗಲಿಯ ಬುಡಕ್ಕೆ ಬಂದು ಚಪ್ಪಲಿಗಳನ್ನು ತೇಲಿಸಿದಾಗಲೇ ಅವರಿಗೆ ಎಚ್ಚರವಾದದ್ದು.

ಅವರು ಓಡಿ ಬರುವಷ್ಟರಲ್ಲಿ ಐದು ತೊಟ್ಟಿ ಬರಿದಾಗಿದ್ದವು. ದೊಡ್ಡವನು ಕೆಸರಿನಲ್ಲಿ ಜಾರಿ ಮಂಡಿಯೂರಿ ಬಿದ್ದವನು, ಹಾಗೇ ಬೊಗಸೆಯಲ್ಲಿ ನೀರು ತುಂಬತೊಡಗಿದ. "ಹೆಪ್ಪು ಉಳ್ಸೇ ಬೋಳಿ, ಒಂದು ಗಡಿಗೆ ಆದ್ರೂ ಉಳ್ಸೇ."

"ಹೆಪ್ಪು ನಮ್ಮಜ್ಜೀದು," ಅಂದಳು ನೀಲಿಕೈ. "ನಿಮ್ಮಪ್ಪ ಬರ್ದಿರೋದು ತೊಟ್ಟಿ. ಆರೂ ಇದಾವಲ್ಲ, ಎಣಿಸ್ಕೊಳ್ಳಿ."

ಚಿಕ್ಕವನು ಗೇಟಿಗೆ ಬೀಗ ಜಡಿದು ಪೊಲೀಸರಿಗೆ ಫೋನು ಹಚ್ಚಿದ. ಬರಹಗಾರ ಹಾಳೆಗಳನ್ನು ತಲೆಯ ಮೇಲೆತ್ತಿ ಹಿಡಿದುಕೊಂಡು ಕುರ್ಚಿ ಹತ್ತಿದ್ದ. ಆರನೆಯ ಬಿರಡೆ ನೀರು ಕುಡಿದು ಉಬ್ಬಿ ಕಚ್ಚಿಕೊಂಡಿತ್ತು, ಜಪ್ಪಯ್ಯ ಅಂದರೂ ಅಲುಗಲಿಲ್ಲ. ಆ ಒಂದು ತೊಟ್ಟಿ ಉಳಿದರೆ ಅದರಿಂದಲೇ ಉಳಿದೈದೂ ಹುಟ್ಟುತ್ತವೆ, ಅವುಗಳ ಹಿಂದೆಯೇ ಮಗಳ ಸರದಿಯೂ ಬರುತ್ತದೆ. ಮಗಳು ಬಂದು ಕೋಲಿನ ಇನ್ನೊಂದು ತುದಿ ಹಿಡಿದಳು. ದೊಡ್ಡವನು ಎದ್ದು ಅವರ ಕಡೆಗೆ ಬರುತ್ತಿದ್ದ. ಇಬ್ಬರೂ ಸೇರಿ ಮತ್ತೊಮ್ಮೆ ಹೊಡೆದರು.