ಸಮ್ಮು ಕಟ್ಟಿಹಾಕಿದ ದೋಣಿ

ಆಸ್ಟಿನ್ ಪಕ್ಕದ ಸೀಡರ್ ಪಾರ್ಕಿನ ನಮ್ಮ ಮನೆಯ ಗೋಡೆಗಳ ಮೇಲೆ ಅಣ್ಣನ ಫೋಟೋ ಇಲ್ಲ. ತೂಗುಹಾಕಿದರೆ ಹಾರ ಹಾಕಬೇಕಾಗುತ್ತದೆ ಎಂದು ಅಮ್ಮ ಬಿಡಲಿಲ್ಲ. ಮಗನನ್ನು ನೋಡಬೇಕೆನಿಸಿದಾಗ ಅವಳು ನನ್ನನ್ನು ಕರೆಯುತ್ತಿದ್ದಳು. ನಾನು ಡಲ್ಲಾಸಿನಿಂದ ಡ್ರೈವ್ ಮಾಡಿಕೊಂಡು ಬಂದು ಬ್ಯಾಗು ಇಳಿಸುವ ಮೊದಲೇ, "ಸುಚಿ, ಸಮ್ಮುನ ಸ್ವಲ್ಪ ತೋರಿಸೇ" ಎನ್ನುತ್ತಿದ್ದಳು. ನಾನು ಕಪಾಟಿನಿಂದ ಅಣ್ಣನ ಹಳೆಯ ಗೇಮ್‌ಬಾಯ್, ಅಂಗೈಯಗಲದ ಆ ಆಟದ ಯಂತ್ರವನ್ನು ತೆಗೆದು, ಸೋಫಾದ ಮೇಲೆ ಅವಳ ಪಕ್ಕ ಕುಳಿತು, ಆನ್ ಮಾಡುತ್ತಿದ್ದೆ.

ಅದರೊಳಗಿನ ಆಟ ಒಬ್ಬ ದೋಣಿಯವನದು. ಅವನು ದ್ವೀಪದಿಂದ ದ್ವೀಪಕ್ಕೆ ಜನರನ್ನೂ ಸಾಮಾನನ್ನೂ ಸಾಗಿಸುತ್ತಾ ಹೋಗಬೇಕು. ದೋಣಿಯನ್ನು ದಡದ ಕಂಬಕ್ಕೆ ಕಟ್ಟಿಹಾಕಿದರೆ ಅಲ್ಲಿಯವರೆಗಿನ ಆಟ ಸೇವ್ ಆಗುತ್ತದೆ. ಶುರುವಿನಲ್ಲಿ ದೋಣಿಯವನಿಗೂ ದೋಣಿಗೂ ಹೆಸರು ಕೇಳುತ್ತದೆ. ಅಣ್ಣ ತನಗೆ ಸಮ್ಮು ಎಂದೂ ದೋಣಿಗೆ ಚಕ್ಕುಲಿ ಎಂದೂ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿದ್ದ. ಚಕ್ಕುಲಿಗೆ ಜಾಗ ಸಾಲದೆ ಕೊನೆಯ ಅಕ್ಷರ ಬಿದ್ದುಹೋಗಿತ್ತು.

ಚಿಕ್ಕವರಿದ್ದಾಗ ನಾವಿಬ್ಬರೂ ಅದನ್ನು ಆಡಿದ್ದು ಹೆಚ್ಚಾಗಿ ಕಾರಿನ ಹಿಂದಿನ ಸೀಟಿನಲ್ಲಿ, ಹ್ಯೂಸ್ಟನ್ನಿನ ದೇವಸ್ಥಾನಕ್ಕೆ ಹೋಗಿ ಬರುವಾಗ. ಆ ಕಾಲದ ಪರದೆಗೆ ಒಳಗಿನಿಂದ ಬೆಳಕಿರಲಿಲ್ಲ. ಕತ್ತಲಾಯಿತೆಂದರೆ ರಸ್ತೆಯ ದೀಪಕ್ಕಾಗಿ ಕಾಯಬೇಕು. ದೀಪ ದಾಟುವ ಕ್ಷಣದಲ್ಲಿ ಹುಟ್ಟು ಹಾಕಬೇಕು, ಮತ್ತೆ ಕಾಯಬೇಕು. ಆಡುವವನು ಅಣ್ಣ, ದೀಪ ಬರುವುದನ್ನು ಕಿಟಕಿಯಿಂದ ನೋಡಿ ಹೇಳುವವಳು ನಾನು. ನನಗೆ ಆ ಕೆಲಸವೇ ಇಷ್ಟವಾಗಿತ್ತು. ಆಡು ಎಂದು ಕೊಟ್ಟರೆ ಹೆದರಿಕೊಂಡು ವಾಪಸ್ಸು ಕೊಡುತ್ತಿದ್ದೆ.

ಇಂಜಿನಿಯರ್ ಆಗಿ ಹ್ಯೂಸ್ಟನ್‌ಗೆ ಕೆಲಸಕ್ಕೆ ಹೋಗುವಾಗ ಅಣ್ಣ ಅದನ್ನು ತೆಗೆದುಕೊಂಡು ಹೋದ. ಆಟವನ್ನು ಮೊದಲಿನಿಂದ ಮತ್ತೆ ಆಡುತ್ತಿದ್ದೇನೆಂದು ಫೋನಿನಲ್ಲಿ ನಾಚಿಕೊಂಡೇ ಹೇಳಿದ್ದ. ಚಿಕ್ಕವನಿದ್ದಾಗ ಕೊನೆಯ ದ್ವೀಪ ಸಿಕ್ಕಿರಲಿಲ್ಲ, ಈ ಸಲ ಬಿಡುವುದಿಲ್ಲ ಎಂದಿದ್ದ. ಕೆಲವು ವಾರಗಳ ನಂತರ, ಮಳೆ ಬಿದ್ದ ಒಂದು ಮುಂಜಾನೆ, ಹೈವೇಯಲ್ಲಿ ಅವನ ಕಾರು ಅಪಘಾತಕ್ಕೀಡಾಯಿತು. ಅವನ ಅಪಾರ್ಟ್‌ಮೆಂಟಿನಿಂದ ಬಂದ ಪೆಟ್ಟಿಗೆಗಳಲ್ಲಿ ಗೇಮ್‌ಬಾಯ್ ಇತ್ತು. ಆನ್ ಮಾಡಿದಾಗ ನಿಂಬೆ ಮರಗಳ ದ್ವೀಪದಲ್ಲಿ ದೋಣಿ ಕಟ್ಟಿಹಾಕಿತ್ತು. ಅದರಲ್ಲಿ ನಿಂತಿದ್ದ ಬೆರಳಿನ ಉಗುರಿನಷ್ಟು ಮನುಷ್ಯ ನೀರಿನೊಡನೆ ಮೇಲೆ ಕೆಳಗೆ ತೂಗುತ್ತಿದ್ದ.

ಅಮ್ಮ ಆ ಮನುಷ್ಯನನ್ನು ನೋಡುತ್ತಾ ಕಾಫಿ ಕುಡಿಯುತ್ತಿದ್ದಳು. ಲೋಟ ಖಾಲಿಯಾದ ಮೇಲೆ, ಸಾಕು, ಇನ್ನು ಮಲಗಲಿ ಎನ್ನುತ್ತಿದ್ದಳು. ಒಮ್ಮೊಮ್ಮೆ ನಾನು ಹಗ್ಗ ಬಿಚ್ಚಿ, ನಾಲ್ಕಾರು ಹುಟ್ಟು ಹಾಕಿ, ಅವಳಿಗೆ ಸುತ್ತಲಿನ ನೀರು ತೋರಿಸುತ್ತಿದ್ದೆ. ಆದರೆ ಸೇವ್ ಮಾಡುತ್ತಿರಲಿಲ್ಲ. ಹಾಗೇ ಆಫ್ ಮಾಡಿದರೆ, ಮುಂದಿನ ಸಲ ಅವನು ಮತ್ತೆ ತಾನು ನಿಲ್ಲಿಸಿದ ಜಾಗದಲ್ಲೇ ಇರುತ್ತಿದ್ದ.

ಇಂಥ ಹಳೆಯ ಆಟಗಳನ್ನು ಮತ್ತೆ ಆಡುವವರು ಈಗ ಬಹಳ ಮಂದಿ. ಅವರು ಇಂಟರ್ನೆಟ್ಟಿನಲ್ಲಿ ಬರೆದುಕೊಳ್ಳುವುದನ್ನು ಓದುವುದು, ಏನೂ ಬರೆಯದೆ ಸುಮ್ಮನೆ ಬರುವುದು ನನ್ನ ಅಭ್ಯಾಸ. ಈ ಬೇಸಿಗೆಯಲ್ಲಿ ಅಲ್ಲಿ ಒಬ್ಬರ ನಂತರ ಒಬ್ಬರು ಒಂದೇ ಮಾತು ಬರೆಯತೊಡಗಿದರು: ಆಟ ಅಳಿಸಿಹೋಯಿತು. ಯಂತ್ರಕ್ಕೆ ಸಿಕ್ಕಿಸುವ ಆಟದ ಕ್ಯಾಸೆಟ್ಟಿನ ಚಿಪ್ಪಿನೊಳಗೆ ಅಂಗಿಯ ಗುಂಡಿಯಷ್ಟು ದೊಡ್ಡ ಒಂದು ಬ್ಯಾಟರಿ ಇರುತ್ತದೆ. ಸೇವ್ ಮಾಡಿದ್ದು ಉಳಿಯುವುದೇ ಅದರ ಬಲದಿಂದ. ಇಪ್ಪತ್ತು ವರ್ಷ ದಾಟಿದ ಆ ಬ್ಯಾಟರಿಗಳು ಈಗ ಸಾಯುತ್ತಿವೆ. ಬದಲಾಯಿಸಲು ಕಿತ್ತರೂ ನೆನಪು ಹೋಗುತ್ತದೆ.

ಅಪ್ಪನಿಗೆ ಫೋನ್ ಮಾಡಿ ಹೇಳಿದೆ. ಅಪ್ಪ ಆಸ್ಟಿನ್ನಿನಲ್ಲಿ ಚಿಪ್ ಕಂಪನಿಯಲ್ಲಿದ್ದಾರೆ. ಗ್ಯಾರೇಜಿನಲ್ಲಿ ಅವರದೊಂದು ಮೇಜಿದೆ. ಬೆಸುಗೆ ಹಾಕುವ ಕಡ್ಡಿ, ಮೀಟರು, ಪವರ್ ಸಪ್ಲೈ ಎಲ್ಲವೂ ಅಲ್ಲಿವೆ. ಅಮ್ಮ ಅದನ್ನು ಅಪ್ಪನ ಹೆಸರು ಸೇರಿಸಿ ತಿರುಮಲ ಆಸ್ಪತ್ರೆ ಎನ್ನುತ್ತಾಳೆ, ದಾಖಲಾದವರು ಯಾರೂ ಮನೆಗೆ ಬಂದಿಲ್ಲ ಎಂದೂ ಸೇರಿಸುತ್ತಾಳೆ. ಅಪ್ಪ, ಹೊರಗಿನಿಂದ ಕರೆಂಟ್ ಕೊಡುತ್ತಲೇ ಹಳೆಯ ಬ್ಯಾಟರಿ ತೆಗೆಯಬಹುದು, ಒಂದು ಕ್ಷಣವೂ ತಪ್ಪಬಾರದು ಅಷ್ಟೇ ಎಂದರು. ಅಣ್ಣ ಹೋದ ಮೇಲೆ ಅವರ ದನಿಯಲ್ಲಿ ಅಂಥ ಚುರುಕನ್ನು ನಾನು ಕೇಳಿರಲಿಲ್ಲ.

ನವರಾತ್ರಿಯ ವಾರ ಅವರು ಕೆಲಸ ಶುರುಮಾಡಿದರು. ಎರಡು ಸಣ್ಣ ವೈರುಗಳಿಂದ ಕರೆಂಟ್ ಕೊಟ್ಟು ಹಳೆಯ ಬ್ಯಾಟರಿ ಬಿಡಿಸಿದರು. ಹೊಸದು ಅಳತೆಗೆ ಹೊಂದಲಿಲ್ಲ. ಸರಿಯಾದದ್ದು ಶನಿವಾರದ ಟಪಾಲಿನಲ್ಲಿ ಬರುವುದಿತ್ತು. ಅಲ್ಲಿಯವರೆಗೆ ಅಣ್ಣನ ಆಟ ಆ ಎರಡು ವೈರುಗಳ ಮೇಲೆ ಉಸಿರು ಹಿಡಿದಿತ್ತು. ಅಪ್ಪ ಆಫೀಸಿನಿಂದ ಬಂದವರೇ ಮೊದಲು ಗ್ಯಾರೇಜಿಗೆ ಹೋಗಿ ಮೀಟರಿನ ಮುಳ್ಳು ನೋಡುತ್ತಿದ್ದರಂತೆ. ಏನು ಮಾಡುತ್ತಿದ್ದೇನೆಂದು ಅಮ್ಮನಿಗೆ ಹೇಳಿರಲಿಲ್ಲ. ಸುಮ್ಮನೆ ಗಾಬರಿಯಾಗುತ್ತಾಳೆ ಎಂದುಕೊಂಡಿದ್ದರು.

ಇಲ್ಲಿ ನಮ್ಮ ಹಬ್ಬಗಳು ಪಂಚಾಂಗದ ದಿನ ಬರುವುದಿಲ್ಲ, ರಜೆಯ ದಿನ ಬರುತ್ತವೆ. ವಾರದ ನಡುವೆ ಬಿದ್ದಿದ್ದ ಆಯುಧಪೂಜೆಯನ್ನು ಭಾನುವಾರ ಮಾಡುವುದೆಂದು ಮಾತಾಗಿತ್ತು. ಭಾನುವಾರ ನಾನು ಬೇಗ ಡಲ್ಲಾಸಿಗೆ ಹೊರಡಬೇಕೆಂದು ತಿಳಿದು ಅಮ್ಮ ಅದನ್ನು ಶನಿವಾರಕ್ಕೆ ಎಳೆದುಕೊಂಡಳು. ಬೆಳಿಗ್ಗೆ ಎದ್ದಮೇಲೆ ಆದ ನಿರ್ಧಾರ ಅದು. ಕಾರು ತೊಳೆಸಿ, ಬೂದುಗುಂಬಳವನ್ನೂ ನಿಂಬೆಹಣ್ಣನ್ನೂ ತನ್ನಿ ಎಂದು ನಮ್ಮಿಬ್ಬರನ್ನೂ ಹೊರಗೆ ಕಳಿಸಿದಳು.

ನಾವು ವಾಪಸ್ಸು ಬಂದಾಗ ಗ್ಯಾರೇಜಿನ ಬಾಗಿಲು ತೆರೆದಿತ್ತು. ಮೇಜು ಥಳಥಳ ಹೊಳೆಯುತ್ತಿತ್ತು. ಪ್ಲಗ್ಗುಗಳನ್ನೆಲ್ಲ ಕಿತ್ತು ವೈರುಗಳನ್ನು ಅಂದವಾಗಿ ಸುತ್ತಿಟ್ಟಿದ್ದಳು. ಮೀಟರಿಗೆ, ಬೆಸುಗೆಯ ಕಡ್ಡಿಗೆ, ಪವರ್ ಸಪ್ಲೈಗೆ ಅರಿಶಿನ ಕುಂಕುಮ ಹಚ್ಚಿ, ಒಂದೊಂದರ ಮೇಲೂ ಹಳದಿ ಸೇವಂತಿಗೆ ಇಟ್ಟಿದ್ದಳು. ಆಯುಧಪೂಜೆಯ ದಿನ ನಮ್ಮ ಮನೆಯಲ್ಲಿ ಯಾವ ಉಪಕರಣವೂ ನಡೆಯುತ್ತಿರಬಾರದು. ದುಡಿದ ವಸ್ತುವಿಗೆ ಒಂದು ದಿನದ ವಿಶ್ರಾಂತಿ. ಅದು ನನಗೂ ಅಪ್ಪನಿಗೂ ಗೊತ್ತಿದ್ದದ್ದೇ.

ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದಳು. "ನೋಡ್ರಿ, ನಿಮ್ಮ ಆಸ್ಪತ್ರೆ ಹೆಂಗೆ ಆಗಿದೆ" ಎಂದಳು. "ಸಮ್ಮು ಕ್ಯಾಸೆಟ್ ಯಾಕ್ರೀ ಇಲ್ಲಿ ವೈರಿಗೆ ಸಿಕ್ಕಿಸಿದ್ರಿ? ಬಿಡಿಸಿ ದೇವರ ಮುಂದೆ ಇಟ್ಟಿದ್ದೀನಿ."

ಅಪ್ಪ ಬೂದುಗುಂಬಳವನ್ನು ಕೆಳಗಿಡುವುದು ಮರೆತವರಂತೆ ಹಿಡಿದುಕೊಂಡೇ ನಿಂತಿದ್ದರು. ಆಮೇಲೆ ಸ್ನಾನ ಮಾಡಿ ಬಂದು ಪೂಜೆ ಮಾಡಿದರು. ದೇವಿಯ ಮುಂದೆ ಕಾರಿನ ಕೀಗಳ ಪಕ್ಕ, ಬೆಳ್ಳಿಯ ತಟ್ಟೆಯಲ್ಲಿ, ಆಟದ ಹಸಿರು ಚಿಪ್ಪು ಹೂವು ಮುಡಿದು ಕೂತಿತ್ತು. ಮಂಗಳಾರತಿಯನ್ನು ಅಮ್ಮ ಮೊದಲು ಅದಕ್ಕೇ ತೋರಿಸಿದಳು.

ಮಧ್ಯಾಹ್ನ ಅವಳು ಪಕ್ಕದ ಬೀದಿಯ ಕುಮುದಾ ಆಂಟಿಯ ಮನೆಗೆ ಅರಿಶಿನ ಕುಂಕುಮಕ್ಕೆ ಹೋದಾಗ ಟಪಾಲು ಬಂತು. ಅದರಲ್ಲಿದ್ದ ಬ್ಯಾಟರಿಯನ್ನು ಅಪ್ಪ ಕೂರಿಸಿದರು. ಅಳತೆ ಸರಿಯಾಗಿತ್ತು. ನಾನು ಆನ್ ಮಾಡಿದೆ. 'ಮುಂದುವರಿಸು' ಎಂಬ ಸಾಲು ಇರಬೇಕಾದ ಜಾಗ ಖಾಲಿಯಿತ್ತು. ಹೊಸ ಆಟ ಎಂಬುದೊಂದೇ ಉಳಿದಿತ್ತು.

"ಅವಳಿಗೆ ಹೇಳ್ಬೇಡ ಸುಚಿ" ಎಂದರು ಅಪ್ಪ. "ತಾನೇ ಕೈಯಾರೆ ಮಾಡಿದೆ ಅಂತ ಗೊತ್ತಾದ್ರೆ ಬದುಕಲ್ಲ."

ನಾನು ಮತ್ತೆ ಆಡುತ್ತೇನೆ ಎಂದೆ. ಅದೇ ಹೆಸರು, ಅದೇ ದೋಣಿ. ನಿಂಬೆ ಮರಗಳ ದ್ವೀಪದವರೆಗೆ ಹೋಗಿ ಅಲ್ಲೇ ಕಟ್ಟಿಹಾಕುತ್ತೇನೆ. ಅಪ್ಪ ನನ್ನ ತಲೆಯ ಮೇಲೆ ಕೈಯಿಟ್ಟರು. ಇದು ಸರಿಯೇ ಎಂದು ನಾವಿಬ್ಬರೂ ಕೇಳಿಕೊಳ್ಳಲಿಲ್ಲ. ಅಮ್ಮನಿಗೆ ಪರದೆ ಮಂಕಾಗಿದೆ, ಡಲ್ಲಾಸಿನಲ್ಲಿ ರಿಪೇರಿ ಮಾಡಿಸುತ್ತೇನೆ ಎಂದು ಹೇಳಿ ಗೇಮ್‌ಬಾಯನ್ನು ತೆಗೆದುಕೊಂಡು ಬಂದೆ. ಅವಳು ಒಂದು ಮಾತೂ ಕೇಳಲಿಲ್ಲ. ಪುಳಿಯೋಗರೆ ಗೊಜ್ಜಿನ ಡಬ್ಬಿಯ ಜೊತೆ ಅದನ್ನೂ ಟವೆಲ್ಲಿನಲ್ಲಿ ಸುತ್ತಿ ಕೊಟ್ಟಳು.

ಡಲ್ಲಾಸಿನ ಪಕ್ಕದ ಲಾಸ್ ಕೊಲಿನಾಸಿನಲ್ಲಿ ನನ್ನ ಆಫೀಸಿನ ಹಿಂದೆ ಒಂದು ಕಾಲುವೆ ಹರಿಯುತ್ತದೆ. ಊಟದ ಹೊತ್ತಿನಲ್ಲಿ ಉಳಿದವರು ಗುಂಪಾಗಿ ಹೋಗುವಾಗ ನಾನು ಅಲ್ಲಿಯ ಬೆಂಚಿನ ಮೇಲೆ ಕೂತು ಆಡಿದೆ. ಬಿಸಿಲಿನಲ್ಲಿ ಆ ಪರದೆ ಎಷ್ಟು ಚೆನ್ನಾಗಿ ಕಾಣುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಮೊದಲ ದ್ವೀಪದ ಸಂಗೀತ ಕೇಳಿದಾಗ ಹಿಂದಿನ ಸೀಟಿನ ವಾಸನೆ, ಚಿಪ್ಸಿನ ಎಣ್ಣೆ ಹತ್ತಿದ ಅಣ್ಣನ ಬೆರಳು ನೆನಪಾದವು. ಆದರೂ ನಿಲ್ಲಿಸಲಾಗಲಿಲ್ಲ. ಎಲ್ಲಿ ಸುಳಿಯಿದೆ, ಯಾವ ಮುದುಕ ಸುಳ್ಳು ದಾರಿ ಹೇಳುತ್ತಾನೆ ಎಂಬುದೆಲ್ಲ ನನಗೆ ಬಾಯಿಪಾಠ. ವರ್ಷಗಟ್ಟಲೆ ಅವನ ಭುಜದ ಮೇಲಿಂದ ನೋಡಿದ್ದೆನಲ್ಲ.

ಕಷ್ಟವಾದದ್ದು ಬೇರೆ. ಆಟದೊಳಗಿನ ಜನ ದೋಣಿಯವನನ್ನು ಹೆಸರು ಹಿಡಿದು ಮಾತಾಡಿಸುತ್ತಾರೆ. ಸಮ್ಮು, ನನ್ನ ಕುರಿಯನ್ನು ಆಚೆ ದಡಕ್ಕೆ ಬಿಡುತ್ತೀಯಾ? ಸಮ್ಮು, ನೀನಿಲ್ಲದಿದ್ದರೆ ನಾವೇನು ಮಾಡುತ್ತಿದ್ದೆವು? ಪ್ರತಿಯೊಂದಕ್ಕೂ ಹೂಂ ಎಂದು ಒತ್ತುವ ಬೆರಳು ನನ್ನದು. ಅವನ ಹಾಗೆ ಆಡಬೇಕೆಂದು ಕೂತರೆ, ಯಾವ ತಿರುವಿನಲ್ಲಿ ಅವನು ಏನು ಮಾಡಿದ್ದನೆಂಬುದು ಅರ್ಧದಷ್ಟೂ ನನಗೆ ಗೊತ್ತಿರಲಿಲ್ಲ. ಮಕ್ಕಳಾಗಿದ್ದಾಗಿನ ಆಟ ಗೊತ್ತಿತ್ತು. ಹ್ಯೂಸ್ಟನ್ನಿನಲ್ಲಿ ಒಬ್ಬನೇ ಕೂತು, ದೊಡ್ಡವನಾಗಿ ಆಡಿದ ಆಟವನ್ನು ನೋಡಿದವರು ಯಾರೂ ಇರಲಿಲ್ಲ. ಅದು ಆ ಚಿಪ್ಪಿನಲ್ಲಿ ಮಾತ್ರ ಇತ್ತು. ನಿಂಬೆ ಮರಗಳ ದ್ವೀಪಕ್ಕೆ ತಲುಪಿ ಹಗ್ಗ ಕಟ್ಟಿದ ದಿನ ನಾನು ಆಫೀಸಿಗೆ ವಾಪಸ್ಸು ಹೋಗದೆ ಕಾರಿನಲ್ಲಿ ಕೂತು ಅತ್ತೆ.

ದೀಪಾವಳಿಗೆ ಸೀಡರ್ ಪಾರ್ಕಿಗೆ ಬಂದೆ. ಅಮ್ಮ ಕಾಫಿ ತಂದು ಸೋಫಾದಲ್ಲಿ ಕುಳಿತಳು. ತೋರಿಸು ಎಂದು ಕೇಳಲಿಲ್ಲ, ನಾನೇ ತೆಗೆದೆ. ಅಪ್ಪ ಎದುರಿನ ಕುರ್ಚಿಯಲ್ಲಿ ಪೇಪರು ಹಿಡಿದುಕೊಂಡಿದ್ದರು. ಪರದೆಯಲ್ಲಿ ನಿಂಬೆ ಮರಗಳು ಬಂದವು, ದೋಣಿ ಬಂತು, ಸಮ್ಮು ಎಂಬ ಹೆಸರು ಬಂತು. ಯಾವುದೂ ಒಂದು ಚುಕ್ಕಿಯಷ್ಟೂ ಬದಲಾಗಿರಲಿಲ್ಲ.

ಅಮ್ಮ ನೋಡಿದಳು. ಕಾಫಿ ಕುಡಿಯಲಿಲ್ಲ.

"ಇದು ಯಾರು ಆಡಿದ್ದು ಸುಚಿ?"

"ನಾನೇ, ಅಮ್ಮ" ಎಂದೆ.

"ಅಂದ್ಕೊಂಡೆ" ಎಂದಳು. "ಪೂಜೆ ದಿನವೇ ಗೊತ್ತಾಯ್ತು. ಏನು ಹೋಯ್ತು ಅಂತ ತಿಳೀಲಿಲ್ಲ, ಏನೋ ಹೋಗಿದೆ ಅಂತ ಗೊತ್ತಾಯ್ತು. ಸಮ್ಮುಗೆ ಆಕ್ಸಿಡೆಂಟ್ ಆದ ದಿನ ಹ್ಯೂಸ್ಟನ್‌ಗೆ ಹೋಗೋವಾಗ ಕಾರಲ್ಲಿ ನಿಮ್ಮಪ್ಪನ ಮುಖ ಹಿಂಗೇ ಇತ್ತು."

ಅಪ್ಪ ಪೇಪರು ಮಡಚಿದರು. "ಅನು, ಅದು..."

"ಇರಿ. ಚಿದಾನಂದ್ ಫೋನ್ ಮಾಡಿದಾಗಲೇ ಎಲ್ಲಾ ಮುಗಿದಿತ್ತು. ನಂಗೆ ಐಸಿಯುನಲ್ಲಿದ್ದಾನೆ ಅಂದ್ರಿ. ದಾರಿಯುದ್ದಕ್ಕೂ ಸ್ತೋತ್ರ ಹೇಳ್ಕೊಂಡು ಬಂದೆ. ಬ್ರೆನಮ್ ಹತ್ರ ನಿಲ್ಲಿಸಿ ಕಾಫಿ ಕೊಡಿಸಿದ್ರಿ, ಕುಡಿದೆ. ಮಗ ಇಲ್ಲ, ನಾನು ಸಕ್ಕರೆ ಸಾಲ್ದು ಅಂತ ಹೇಳಿ ಕಾಫಿ ಕುಡೀತಿದ್ದೆ." ಅವಳ ದನಿ ಏರಲಿಲ್ಲ. ನನ್ನ ಕಡೆ ತಿರುಗಿದಳು. "ಈಗ ನೀನೂ ಕಲಿತೆ."

ಚಿದಾನಂದ್ ಅಂಕಲ್ ಹ್ಯೂಸ್ಟನ್ನಿನಲ್ಲಿರುವ ಅಪ್ಪನ ಸ್ನೇಹಿತರು. ಆಸ್ಪತ್ರೆಗೆ ಮೊದಲು ತಲುಪಿದವರು ಅವರೇ. ಆ ದಿನದ ಬಗ್ಗೆ ನಮ್ಮ ಮನೆಯಲ್ಲಿ ಅದಕ್ಕಿಂತ ಹೆಚ್ಚು ಮಾತಾಡಿದ್ದೇ ಇಲ್ಲ.

ನಾನು ಕ್ಷಮಿಸು ಎನ್ನಬೇಕೆಂದುಕೊಂಡೆ. ವೈರು, ಪ್ಲಗ್ಗು, ಬ್ಯಾಟರಿ, ಎಲ್ಲವನ್ನೂ ಅಪ್ಪನೇ ಹೇಳಿದರು. ಅಮ್ಮ ತನ್ನ ಎರಡು ಕೈಗಳನ್ನೂ ಮಡಿಲಲ್ಲಿ ಮೇಲ್ಮುಖವಾಗಿ ಇಟ್ಟುಕೊಂಡು ಕೇಳಿದಳು. ಕೇಳಿ ಮುಗಿದ ಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಬಹಳ ಹೊತ್ತು ಅತ್ತಳು. ನಾವಿಬ್ಬರೂ ಹತ್ತಿರ ಹೋದರೆ ಬೇಡವೆಂದು ಕೈ ಅಡ್ಡ ಹಿಡಿದಳು.

ಆಮೇಲೆ ಮುಖ ಒರೆಸಿಕೊಂಡು ಅಪ್ಪನನ್ನು ನೋಡಿದಳು.

"ಫೋನಲ್ಲಿ ಚಿದಾನಂದ್ ಏನಂದ? ಅವನು ಹೇಳಿದ ಹಾಗೇ ಹೇಳಿ. ನಡುವೆ ನಿಲ್ಲಿಸ್ಬೇಡಿ."

ಅಪ್ಪ ಕುರ್ಚಿಯಿಂದ ಎದ್ದು ಬಂದು ನೆಲದ ಮೇಲೆ, ಅವಳ ಕಾಲ ಹತ್ತಿರ ಕುಳಿತರು. ಏಳು ಗಂಟೆ ಆಗಿರಲಿಲ್ಲ ಎಂದು ಶುರುಮಾಡಿದರು. ಮಳೆ ಜೋರಾಗಿತ್ತಂತೆ. ಆಂಬುಲೆನ್ಸಿನವರು ಬಂದಾಗ ಉಸಿರಿತ್ತಂತೆ, ಆಸ್ಪತ್ರೆಯ ಬಾಗಿಲು ತಲುಪುವಷ್ಟರಲ್ಲಿ ಇರಲಿಲ್ಲವಂತೆ.

"ಹತ್ರ ಯಾರಿದ್ರು?"

"ಯಾರೂ ಇರ್ಲಿಲ್ಲ ಅನು."

ಅಮ್ಮ ತಲೆಯಾಡಿಸಿದಳು. ಕೈ ಚಾಚಿ ಅಪ್ಪನ ಭುಜ ಹಿಡಿದುಕೊಂಡಳು.

"ಆಮೇಲೆ?" ಎಂದಳು.