ಲದ್ದಿ ಪರೀಕ್ಷೆ

ಕೈ ಗೊಬ್ಬರವಾದರೆ ಬಾಯಿಗೆ ಬೀಗ. ಗಾದೆ ಹಾಗಲ್ಲ, ಅದೇನೋ ಕೆಸರು ಮೊಸರು ಎಂದು ತಿದ್ದಲು ಬರಬೇಡಿ. ಕ್ರಾಗ್ ಬ್ಯಾಂಕ್ ಗುಡ್ಡದಲ್ಲಿ ಮೊಸರನ್ನು ಕೇಳುವವರಿಲ್ಲ, ಗೊಬ್ಬರಕ್ಕಾದರೆ ಸಾಲು ನಿಲ್ಲುತ್ತಾರೆ. ವೇದ ಸುಳ್ಳಾದರೂ ಗಾದೆ ಸುಳ್ಳಾಗದಂತೆ. ಆಗಲಿ, ಗಾದೆ ಸುಳ್ಳಾದರೂ ಈ ಕತೆ ಸುಳ್ಳಲ್ಲ.

ಸಿರಿಲ್ ಮರ್ಗಟ್ರಾಯ್ಡ್‌ಗೆ ಸಿರಿ ಇದ್ದದ್ದು ಹೆಸರಿನಲ್ಲಷ್ಟೇ. ಮೂವತ್ತೆಂಟು ವರ್ಷ ಯಾರ್ಕ್‌ಷೈರಿನ ಏರುರಸ್ತೆಗಳಲ್ಲಿ ಬಸ್ಸು ಓಡಿಸಿ ನಿವೃತ್ತನಾಗಿದ್ದ. ಹೆಂಡತಿ ಜೀನ್ ತೀರಿಕೊಂಡು ಮೂರು ವರ್ಷ. ಈಗ ಅವನಿಗೆ ಉಳಿದದ್ದು ಒಂದು ಕೆಟ್ಟ ಮಂಡಿ, ಒಂದು ರೇಡಿಯೊ ಮತ್ತು ಗುಡ್ಡದ ಮೇಲಿನ ಅಲಾಟ್‌ಮೆಂಟಿನಲ್ಲಿ, ಅಂದರೆ ಊರಿನವರು ತುಂಡು ತುಂಡಾಗಿ ಹಂಚಿಕೊಂಡು ತರಕಾರಿ ಬೆಳೆಯುವ ತೋಟದಲ್ಲಿ, ಬಾಡಿಗೆಗೆ ಸಿಕ್ಕ ಒಂದು ತುಂಡು ನೆಲ. ಅಲ್ಲಿ ಅಂಥ ಇಪ್ಪತ್ತಾರು ತುಂಡುಗಳು. ಪ್ರತಿಯೊಂದಕ್ಕೂ ಸೊಟ್ಟಗೆ ನಿಂತ ಒಂದು ಹಲಗೆ ಗುಡಿಸಲು, ಇಪ್ಪತ್ತಾರಕ್ಕೂ ಸೇರಿ ಒಂದೇ ನಲ್ಲಿ. ಮನೆಯ ರೇಡಿಯೊ ಚೆನ್ನಾಗಿಯೇ ಮಾತಾಡುತ್ತಿತ್ತು, ಆದರೆ ತಿರುಗಿ ಬೈಯುತ್ತಿರಲಿಲ್ಲ. ಬೈಯುವ ಜನ ಬೇಕಾದರೆ ಗುಡ್ಡ ಹತ್ತಬೇಕಿತ್ತು.

ಫೆಬ್ರವರಿಯಲ್ಲಿ ಸಿರಿಲ್ ಆ ಜನಕ್ಕೊಂದು ಉಡುಗೊರೆ ತಂದ. ಕಣಿವೆಯಾಚೆಯ ಕುದುರೆಲಾಯದವರು ಬಿಟ್ಟಿಯಾಗಿ ಕೊಟ್ಟ ಒಂದು ಲಾರಿ ಲದ್ದಿ ಗೊಬ್ಬರ. ಕುದುರೆಗೆ ಲದ್ದಿ, ತೋಟದವನಿಗೆ ಲಡ್ಡು. ಪಕ್ಕದ ತುಂಡಿನ ಡಗ್ಗಿ ಕ್ಲೆಗ್ ಟೋಪಿ ತೆಗೆದು, ಸೊಂಟ ಬಗ್ಗಿಸಿ, "ಬನ್ನಿ, ಬನ್ನಿ, ಲದ್ದಿ ಲಾರ್ಡ್ ಸಾಹೇಬರೇ!" ಅಂದ. ಈ ಡಗ್ಗಿ ಒಂದು ಕಾಲದಲ್ಲಿ ಕಟುಕ. ಈಗ ಚೂರಿ ಕೆಳಗಿಟ್ಟು, ಊರಿನವರ ದನಿಗಳನ್ನು ಅಣಕಿಸಿಯೇ ಕತ್ತರಿಸುತ್ತಿದ್ದ.

ಮಾರ್ಚಿನಲ್ಲಿ ಎಲ್ಲರೂ ಕೈಗಾಡಿ ತಂದು ಹೊತ್ತೊಯ್ದರು. ಕೊನೆಗೆ ಉಳಿದದ್ದು ಒಂದೇ ಗಾಡಿ. ಅದು ಸಿರಿಲ್‌ನ ಪಾಲು. ಆದರೆ ಮೂಲೆಯ ತುಂಡಿನ ಶಗುಫ್ತಾ ಖಾಲಿ ಗಾಡಿ ಹಿಡಿದು ನಿಂತಿದ್ದಳು. ಆಸ್ಪತ್ರೆಯಲ್ಲಿ ನರ್ಸು, ಆರು ವರ್ಷ ಕಾಯುವ ಪಟ್ಟಿಯಲ್ಲಿದ್ದು ಈ ಸಲ ತುಂಡು ಸಿಕ್ಕವಳು.

"ತಗೊಂಡು ಹೋಗಮ್ಮ, ನಂಗೆ ಮುಂದಿನ ಲೋಡು ಬರತ್ತೆ," ಅಂದ ಸಿರಿಲ್.

"ನಿಮ್ ಹೊಟ್ಟೆ ತಣ್ಣಗಿರ್ಲಿ ಅಂಕಲ್. ಮೊದಲನೇ ಟೊಮೇಟೊ ನಿಮಗೇ."

ಹೀಗೆ ಇಪ್ಪತ್ತಾರರಲ್ಲಿ ಇಪ್ಪತ್ತೈದು ತುಂಡಿಗೆ ಲದ್ದಿ ಬಿತ್ತು. ಬೀಳದೆ ಉಳಿದದ್ದು, ತಂದವನ ತುಂಡಿಗೆ ಮಾತ್ರ.

ಗುಡ್ ಫ್ರೈಡೆಯ ದಿನ ಆಲೂಗಡ್ಡೆ ನೆಡದವನನ್ನು ಆ ಗುಡ್ಡದಲ್ಲಿ ಕ್ರೈಸ್ತನೆಂದು ಲೆಕ್ಕಕ್ಕಿಡುವುದಿಲ್ಲ. ಎಲ್ಲರೂ ನೆಟ್ಟರು, ಹೊಸ ಲದ್ದಿಯ ಮೇಲೆಯೇ. ಮರುದಿನ ಸಿರಿಲ್ ಈರುಳ್ಳಿ ಸಸಿ ಕೊಳ್ಳಲು ಅಂಗಡಿಗೆ ಹೋಗಿದ್ದಾಗ, ಸಾಲಿನಲ್ಲಿ ಅವನ ಮುಂದೆ ನಿಂತಿದ್ದ ಇಬ್ಬರ ಮಾತು ಕಿವಿಗೆ ಬಿತ್ತು.

"ಹೋದ್ವರ್ಷ ನಮ್ಮ ಅಲಾಟ್‌ಮೆಂಟು ಪೂರ್ತಿ ನೆಗೆದುಬಿತ್ತು ಕಣಪ್ಪ. ಲದ್ದಿಯಿಂದ."

"ಲದ್ದಿಯಿಂದಾನಾ?"

"ಹುಲ್ಲುಗಾವಲಿಗೆ ಕಳೆನಾಶಕ ಹೊಡೀತಾರೆ. ಆ ಹುಲ್ಲನ್ನ ಕುದುರೆ ತಿನ್ನತ್ತೆ. ಕುದುರೆಗೆ ಏನೂ ಆಗಲ್ಲ, ವಿಷ ಹಿಂದಿನ ಬಾಗಿಲಿಂದ ಹಾಗೇ ಹೊರಗೆ ಬರತ್ತೆ. ಟೊಮೇಟೊ, ಬೀನ್ಸು, ಆಲೂಗಡ್ಡೆ, ಎಲ್ಲಾ ಎಲೆ ಮುದುಡ್ಕೊಂಡು ಸತ್ವು. ಎರಡು ವರ್ಷ ಆ ನೆಲದಲ್ಲಿ ಏನೂ ಬೆಳೆಯೋ ಹಾಗಿಲ್ಲ."

"ತಂದೋನು ಯಾರು?"

"ಇದ್ದ ಒಬ್ಬ ಪುಣ್ಯಾತ್ಮ. ಈಗ ಊರಲ್ಲಿಲ್ಲ."

ಸಿರಿಲ್ ಈರುಳ್ಳಿ ಸಸಿಯನ್ನು ಅಲ್ಲೇ ಬಿಟ್ಟು ಮನೆಗೆ ಬಂದ. ಲಾಯಕ್ಕೆ ಫೋನು ಮಾಡಿದ. ಅಲ್ಲಿಯ ಹೆಂಗಸು, "ಹುಲ್ಲಾ? ಮೂರು ಕಡೆಯಿಂದ ತರಿಸ್ತೀವಪ್ಪ. ಅವರು ಏನು ಹೊಡೀತಾರೋ ನಾವು ಕೇಳಕ್ಕೆ ಹೋಗಿಲ್ಲ," ಅಂದಳು. ಸಿರಿಲ್ ಫೋನು ಇಟ್ಟು ಕುರ್ಚಿಯಲ್ಲಿ ಕೂತ. ಹೊರಗೆ ಒಳ್ಳೆ ಬಿಸಿಲಿತ್ತು. ಅಂದು ಅವನು ಗುಡ್ಡ ಹತ್ತಲಿಲ್ಲ.

ನೆಲ ಕೆಡಿಸಿದವನಿಗೆ ಕ್ರಾಗ್ ಬ್ಯಾಂಕ್‌ನಲ್ಲಿ ಏನಾಗುತ್ತದೆಂದು ಅವನಿಗೆ ಗೊತ್ತಿತ್ತು. ಹಿಂದೊಮ್ಮೆ ಒಬ್ಬ ತನ್ನ ತುಂಡಿನಲ್ಲಿ ಎಂಜಿನ್ ಎಣ್ಣೆ ಚೆಲ್ಲಿದ್ದ. ಅವನ ಗೇಟಿನ ಕೀಲಿಕೈ ಕಸಿದುಕೊಂಡರು. ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಈಗಲೂ ಅವನು ಪಬ್ಬಿಗೆ ಬಂದರೆ ಪಕ್ಕದ ಸ್ಟೂಲುಗಳು ತಾವಾಗಿ ಖಾಲಿಯಾಗುತ್ತವೆ. ಅವನು ಕೆಡಿಸಿದ್ದು ತನ್ನ ಒಂದು ತುಂಡು. ಸಿರಿಲ್ ಕೆಡಿಸಿದ್ದು ಇಪ್ಪತ್ತೈದು, ಅದೂ ತನ್ನದನ್ನು ಉಳಿಸಿಕೊಂಡು! ಗೊತ್ತಿದ್ದೇ ಮಾಡಿದ ಎನ್ನಲು ಇನ್ನೇನು ಸಾಕ್ಷಿ ಬೇಕು?

ಹೇಳಿಬಿಡೋಣ ಎಂದುಕೊಂಡ. ಬಾಯಿ ತೆರೆಯಲಿಲ್ಲ. ಮೊದಲು ಖಾತ್ರಿಯಾಗಲಿ ಎಂದು ತನಗೆ ತಾನೇ ವಾಯಿದೆ ಕೊಟ್ಟುಕೊಂಡ.

ಖಾತ್ರಿಗೆ ಒಂದು ದಾರಿ ಇದೆ. ಬೀನ್ಸ್ ಗಿಡಕ್ಕೆ ಈ ವಿಷ ಎಲ್ಲಕ್ಕಿಂತ ಮೊದಲು ತಾಗುತ್ತದೆ. ಲಾರಿ ನಿಂತ ಜಾಗದಲ್ಲಿ ಉಳಿದಿದ್ದ ಚೂರುಪಾರು ಲದ್ದಿಯನ್ನು ಕೆರೆದು ಮೂರು ಕುಂಡಕ್ಕೆ ತುಂಬಿದ, ಇನ್ನು ಮೂರಕ್ಕೆ ತನ್ನ ತುಂಡಿನ ಮಣ್ಣು. ಆರಕ್ಕೂ ಬೀನ್ಸ್ ಬೀಜ ಊರಿ, ಲದ್ದಿಯವಕ್ಕೆ ಗುರುತಿಗೆ ಕೆಂಪು ದಾರ ಕಟ್ಟಿ, ತನ್ನ ಗುಡಿಸಲಿನ ಕಿಟಕಿಯಲ್ಲಿ ಇಟ್ಟ. ಬಾಗಿಲಿಗೆ ಬೀಗ ಹಾಕಿದ. ಕಿಟಕಿಗೆ ಪರದೆ ಇರಲಿಲ್ಲ. ಅದು ಅವನ ತಲೆಗೆ ಹೊಳೆಯಲೂ ಇಲ್ಲ.

ಆಮೇಲಿನ ದಿನಗಳನ್ನು ಅವನು ಹೇಗೆ ತಳ್ಳಿದನೋ ಅವನ ಮಂಡಿಗೇ ಗೊತ್ತು. ವಸಂತ ಬಂತೆಂದು ಇಡೀ ಗುಡ್ಡ ಕುಣಿಯುತ್ತಿತ್ತು. ಮೂಲಂಗಿ ಎರಡೆಲೆ ಬಿಟ್ಟಿತು, ಬಟಾಣಿ ಬಳ್ಳಿ ಕಡ್ಡಿ ಹಿಡಿಯಿತು, ರೂಬಾರ್ಬ್ ಎಲೆ ಕೊಡೆಯಗಲ ಬಿಚ್ಚಿತು. ಸಿರಿಲ್‌ಗೆ ಕಂಡದ್ದು ಮುದುಡಿದ ಎಲೆಗಳು ಮಾತ್ರ. ಆಲೂಗಡ್ಡೆಯ ಚಿಗುರು ನೆಲದಿಂದ ಮೂಗು ತೂರುವಾಗಲೇ ಸುಕ್ಕಾಗಿರುತ್ತದೆ, ಹುಟ್ಟಿದ ಮಗುವಿನ ಮುಖದ ಹಾಗೆ. ಅದನ್ನು ಎಷ್ಟೋ ವರ್ಷ ನೋಡಿದ್ದವನೇ. ಈ ಸಲ ಪ್ರತಿ ಸುಕ್ಕೂ ಅವನ ಎದೆಯಲ್ಲಿ ಸೂಜಿಯಾಡಿಸಿತು.

"ಏನೋ ಲದ್ದಿ ಲಾರ್ಡ್," ಅಂದ ಡಗ್ಗಿ ಒಂದು ಬೆಳಿಗ್ಗೆ. "ನನ್ನ ಆಲೂಗಡ್ಡೆಗೆ ಯಾಕೆ ಮಂಡಿ ಊರಿ ಪ್ರಾರ್ಥನೆ ಮಾಡ್ತಿದೀಯ?"

"ಬ-ಬಸವನಹುಳು ಇದ್ಯಾ ಅಂತ ನೋಡ್ತಿದ್ದೆ."

"ನಿನ್ನ ಕೆಟ್ಟ ಮಂಡಿ ಬಗ್ಗಿಸುವಷ್ಟು ಪ್ರೀತಿಯ ಹುಳ ಯಾವುದಯ್ಯಾ ಅದು? ನಂಗೂ ಪರಿಚಯ ಮಾಡಿಸು."

ಡಗ್ಗಿ ನಗುತ್ತ ಹೊರಟವನು ಏನೋ ನೆನಪಾದಂತೆ ತಿರುಗಿ, ತೋಟದ ಸಂಘದ ಕಾರ್ಯದರ್ಶಿ ಹೆಟ್ಟಿಯ ದನಿ ತೆಗೆದ. ಹೆಟ್ಟಿಗೆ ಎಂಬತ್ತೊಂದು ವರ್ಷ. ಹೆಸರಿನಷ್ಟೇ ಗಟ್ಟಿ, ಬೆಣಚುಕಲ್ಲು ಮಾತಾಡಿದರೆ ಹೇಗೋ ಹಾಗೆ ಮಾತು. "ಕೀಲಿಕೈ ಮೇಜಿನ ಮೇಲೆ. ಸಲಿಕೆ ನಿನ್ನ ಕೈಯಲ್ಲಿ. ಗೇಟು ಆ ಕಡೆ! ಎಣ್ಣೆ ಚೆಲ್ಲಿದೋನಿಗೆ ಹೀಗೇ ಅಂದಿದ್ಲು, ನೆನಪಿದ್ಯಾ?"

ಸಿರಿಲ್ ನಕ್ಕ ಹಾಗೆ ಮಾಡಿದ. ಯಾಕೆ ಇವತ್ತೇ ಇದನ್ನು ತೆಗೆದ? ಗೊತ್ತಾಗಿದೆಯೇ?

ಕುಂಡಗಳಲ್ಲಿ ಬೀನ್ಸು ಮೊಳೆತಿತ್ತು. ಆರೂ ಒಂದೇ ಸಮ, ಆರೂ ಹಸಿರು. ಒಂದೊಂದು ಎಲೆ ಬಿಚ್ಚಿದಾಗಲೂ ಸಿರಿಲ್ ಒಂದೊಂದು ಉಸಿರು ಬಿಟ್ಟ. ಮೇ ಮೊದಲ ವಾರದ ಹೊತ್ತಿಗೆ ಮೂರು ಜೊತೆ ಎಲೆ. ಇನ್ನು ನಾಲ್ಕು ದಿನ ಹೀಗೇ ಇದ್ದರೆ ಗೆದ್ದೆ ಎಂದುಕೊಂಡ. ಅಂದು ಮೊದಲ ಸಲ ಶಿಳ್ಳೆ ಹಾಕುತ್ತ ಗುಡ್ಡ ಇಳಿದ.

ಮೂರನೇ ದಿನ ಬಾಗಿಲು ತೆಗೆದವನು ಅಲ್ಲೇ ನಿಂತ.

ಕೆಂಪು ದಾರದ ಮೂರೂ ಗಿಡಗಳ ತುದಿ ಬಾಗಿತ್ತು. ಎಲೆಗಳು ಅಂಚಿನಿಂದ ಒಳಕ್ಕೆ ಸುತ್ತಿ, ಮುಷ್ಟಿ ಹಿಡಿದ ಬೆರಳಿನ ಹಾಗೆ ಬಿಗಿದಿದ್ದವು. ದಾರವಿಲ್ಲದ ಮೂರು ನೆಟ್ಟಗೆ ನಿಂತಿದ್ದವು. ಅವನು ಒಂದು ಎಲೆಯನ್ನು ಬಿಡಿಸಲು ನೋಡಿದ. ಬಿಟ್ಟ ಕೂಡಲೇ ಅದು ಮತ್ತೆ ಸುತ್ತಿಕೊಂಡಿತು.

ಹೊರಗೆ ಶಗುಫ್ತಾಳ ದನಿ. "ಅಂಕಲ್, ಟೊಮೇಟೊ ಸಸಿ ತಂದಿದೀನಿ! ಮಗಳು ಒಂದೊಂದಕ್ಕೂ ಹೆಸರಿಟ್ಟಿದಾಳೆ. ಈ ವಾರ ನೆಡ್ಲಾ?"

ಸಿರಿಲ್ ಬಾಗಿಲೆಳೆದುಕೊಂಡು ಹೊರಬಂದ. "ಬೇಡ! ಹಿಮ ಬೀಳತ್ತೆ."

"ಹದಿನೇಳು ಡಿಗ್ರಿ ಇದೆ ಅಂಕಲ್."

"ಬೀಳತ್ತೆ ಅಂದೆನಲ್ಲಾ!"

ಬಸ್ಸಿನಲ್ಲಿ ಕುಡುಕರ ಮೇಲೂ ಅವನು ಅಷ್ಟು ಜೋರಾಗಿ ಕೂಗಿರಲಿಲ್ಲ. ಶಗುಫ್ತಾ ಸಸಿಯ ತಟ್ಟೆಯನ್ನು ಎದೆಗೆ ಒತ್ತಿಕೊಂಡು ಒಂದು ಹೆಜ್ಜೆ ಹಿಂದೆ ಸರಿದಳು. "ಸರಿ. ನಿಮಗೆ ಮೈ ಸರಿ ಇಲ್ವಾ? ಬಿಪಿ ನೋಡ್ಲಾ?" ಅಂದಳು ಮೆಲ್ಲಗೆ. ಅವನು ಗೇಟಿನತ್ತ ನಡೆದುಬಿಟ್ಟ.

ಆಮೇಲೆ ಒಂಬತ್ತು ದಿನ ಅವನು ಬದುಕಿದ್ದು ಕಳ್ಳನ ಹಾಗೆ. ಎಲ್ಲರೂ ಬರುವ ಮೊದಲು ಬಂದು ಎಲೆಗಳನ್ನು ನೋಡುವುದು, ಯಾರಾದರೂ ಗೇಟು ತೆರೆದ ಸದ್ದಾದರೆ ಹಿಂದಿನ ಬೇಲಿಯಿಂದ ಹೊರಡುವುದು. ಒಂದು ದಿನ ಸ್ಕಾರ್‌ಬರೋದಲ್ಲಿದ್ದ ತಂಗಿಗೆ ಫೋನು ಮಾಡಿ, ಅಲ್ಲಿ ಒಂದು ಕೋಣೆ ಬಾಡಿಗೆಗೆ ಸಿಗುತ್ತದೆಯೇ ಎಂದು ಕೇಳಿದ. ಕೇಳಿದ ಮೇಲೆ ನಾಚಿಕೆಯಾಯಿತು. ತಾನು ಓಡಬಹುದು, ಶಗುಫ್ತಾಳ ಟೊಮೇಟೊ ಓಡಲಾರದಲ್ಲ.

ಮೇ ಮೂರನೇ ಶನಿವಾರ ಗುಡ್ಡದಲ್ಲಿ ಸಸಿ ಹಂಚಿಕೊಳ್ಳುವ ದಿನ. ಹೆಚ್ಚಾದ ಸಸಿಗಳನ್ನೆಲ್ಲ ಮೇಜಿನ ಮೇಲಿಟ್ಟು, ದೊಡ್ಡ ಕೆಟಲಿನಲ್ಲಿ ಚಹಾ ಕಾಯಿಸಿ, ಹೆಟ್ಟಿ ಮಾಡಿದ ಕಲ್ಲಿನಂಥ ಕೇಕನ್ನು ಎಲ್ಲರೂ ಹಲ್ಲು ಪಣಕ್ಕಿಟ್ಟು ತಿನ್ನುತ್ತಾರೆ. ಇಪ್ಪತ್ತಕ್ಕೂ ಹೆಚ್ಚು ಜನ ಸೇರಿದ್ದರು. ಸಿರಿಲ್ ಬಂದ. ಕೈಯಲ್ಲಿ ಒಂದು ಕುಂಡ, ಅದರ ಕೊರಳಲ್ಲಿ ಕೆಂಪು ದಾರ. ಅದನ್ನು ಸಸಿಗಳ ನಡುವೆ ಇಟ್ಟ. ಪಕ್ಕದಲ್ಲಿ ತನ್ನ ಕೀಲಿಕೈ ಇಟ್ಟ.

ಎಲ್ಲರೂ ಕುಂಡದತ್ತ ತಿರುಗಿದರು.

"ನಾನು ತಂದ ಲದ್ದಿಯಲ್ಲಿ ವಿಷ ಇದೆ," ಅಂದ. ದನಿ ತನ್ನದಲ್ಲವೆನ್ನಿಸಿತು. "ಪರೀಕ್ಷೆ ಮಾಡಿದೀನಿ. ನೋಡಿ ಎಲೆ. ನಿಮ್ಮೆಲ್ಲರ ನೆಲಾನೂ ಕೆಡಿಸಿದೀನಿ. ಐದು ವಾರದಿಂದ ನಂಗೆ ಅನುಮಾನ ಇತ್ತು, ಹೇಳಕ್ಕೆ ಧೈರ್ಯ ಬರ್ಲಿಲ್ಲ. ನನ್ನ ತುಂಡಿಗೆ ಅದು ಬಿದ್ದಿಲ್ಲ. ಬೇಕಂತ ಮಾಡಿದ್ದಲ್ಲ, ಆದ್ರೆ ನೀವು ನಂಬಬೇಕು ಅಂತ ನಾನೇನೂ ಕೇಳಲ್ಲ. ಶಗುಫ್ತಾ, ನನ್ನ ತುಂಡು ತಗೊಳ್ಳಮ್ಮ. ಟೊಮೇಟೊ ಅಲ್ಲಿ ನೆಡು. ಅದೊಂದೇ ಚೆನ್ನಾಗಿರೋ ನೆಲ."

ಶಗುಫ್ತಾ ಒಬ್ಬಳನ್ನು ಬಿಟ್ಟು ಯಾರೂ ಅವನನ್ನು ನೋಡಲಿಲ್ಲ. ಉಳಿದವರೆಲ್ಲ ನೋಡುತ್ತಿದ್ದದ್ದು ಡಗ್ಗಿಯನ್ನು. ಡಗ್ಗಿ ಮಾತ್ರ ತನ್ನ ಬೂಟನ್ನು ನೋಡಿಕೊಳ್ಳುತ್ತಿದ್ದ. ಅಣಕಿಸಲು ಒಂದು ದನಿಯೂ ಸಿಗದವನ ಹಾಗೆ.

"ಬೊಗಳು, ಡಗ್ಗಿ," ಅಂದಳು ಹೆಟ್ಟಿ.

"ಹುಲ್ಲುಹಾಸಿಗೆ ಹೊಡೆಯೋ ಕಳೆನಾಶಕ," ಅಂದ ಡಗ್ಗಿ. "ನಮ್ಮನೆ ಮುಂದಿಂದು. ಒಂದು ಲೋಟ ನೀರಿಗೆ ನಾಕು ಹನಿ. ನಿನ್ನ ಗುಡಿಸಲಿನ ಬೀಗ ಇದ್ಯಲ್ಲ, ಅದನ್ನ ಬೆಣ್ಣೆ ಚಾಕಲ್ಲಿ ತೆಗೀಬೋದು. ದಾರದ ಮೂರು ಕುಂಡಕ್ಕೆ ನಾನೇ ಹೊಯ್ದೆ."

ಸಿರಿಲ್ ಕುಂಡವನ್ನು ತನ್ನತ್ತ ಎಳೆದುಕೊಂಡು ಎಲೆಗಳನ್ನು ಮತ್ತೆ ನೋಡಿದ.

"ಬೀನ್ಸು ಆರು, ದಾರ ಮೂರು, ಅದೂ ಬಿಸಿಲಿನ ಕಿಟಕಿಯಲ್ಲಿ," ಅಂದಳು ಹೆಟ್ಟಿ. "ಈ ಗುಡ್ಡದಲ್ಲಿ ಅದನ್ನ ಓದಕ್ಕೆ ಬರದ ಕುರುಡರು ಯಾರಿದಾರೋ? ಬೋರ್ಡು ಬರೆದು ತೂಗುಹಾಕಿದ ಹಾಗಿತ್ತು. ನಮ್ಮ ಹತ್ರ ಹೇಳ್ದೆ ಒಬ್ಬನೇ ಬೇಯ್ತಿದಾನೆ, ಸ್ವಲ್ಪ ಉರಿ ಜಾಸ್ತಿ ಮಾಡಿದ್ರೆ ಉಕ್ಕಿ ಬಾಯಿಬಿಡ್ತಾನೆ ಅಂದ್ಕೊಂಡ್ವಿ. ಎರಡು ದಿನ ಸಾಕು ಅಂತ ನಾನಂದೆ. ನೀನು ಒಂಬತ್ತು ದಿನ ತಗೊಂಡೆ. ಕತ್ತೆ."

"ಹಾಗಾದ್ರೆ ಲದ್ದಿ?"

"ಲದ್ದಿಗೇನಾಗಿದೆ? ನಲವತ್ತು ವರ್ಷದಿಂದ ಪರೀಕ್ಷೆ ಮಾಡದೆ ಒಂದು ಹಿಡಿ ಗೊಬ್ಬರ ಈ ನೆಲಕ್ಕೆ ಬೀಳಕ್ಕೆ ಬಿಟ್ಟಿಲ್ಲ ನಾನು. ಆರ್ಚ್‌ಬಿಷಪ್ಪಿನ ಕುದುರೆದಾದ್ರೂ ಅಷ್ಟೇ. ನಿನ್ನ ಲಾರಿ ಬಂದ ದಿನವೇ ನನ್ನ ಅಡುಗೆಮನೆ ಕಿಟಕಿಯಲ್ಲಿ ಬೀನ್ಸು ಹಾಕ್ದೆ. ಮಾರ್ಚಿಗೆ ಆನೆಕಿವಿ ಹಾಗೆ ಎಲೆ ಬಿಟ್ಟಿತ್ತು. ಆಮೇಲೇ ರಾಶಿ ತೆಗೆಯಕ್ಕೆ ಬಿಟ್ಟಿದ್ದು."

"ನಂಗೆ ಯಾಕೆ ಹೇಳ್ಲಿಲ್ಲ?"

"ನೀನು ಕೇಳಿದ್ಯಾ?"

ಶಗುಫ್ತಾ ಎದ್ದು ಬಂದು ಕೀಲಿಕೈಯನ್ನು ಅವನ ಕೋಟಿನ ಜೇಬಿಗೆ ಹಾಕಿದಳು. ಹೊಸಬಳಾದ ಅವಳಿಗೂ ಯಾರೂ ಇದನ್ನು ಹೇಳಿರಲಿಲ್ಲ, ಕಣ್ಣು ಒದ್ದೆಯಾಗಿತ್ತು. "ನಿಮ್ಮ ತುಂಡು ನಂಗೆ ಬೇಡ ಅಂಕಲ್. ಗೊಬ್ಬರ ಇಲ್ಲ, ಒಂದು ತಿಂಗಳಿಂದ ಬರೀ ಕಳೆ. ಕೆಟ್ಟಿರೋದು ಇಡೀ ಗುಡ್ಡದಲ್ಲಿ ಅದೊಂದೇ."

ಯಾರೋ ಕಿಸಕ್ಕನೆ ನಕ್ಕರು. ಇನ್ನೊಬ್ಬರು ಚಹಾ ಉಗುಳಿಕೊಂಡರು. ಡಗ್ಗಿಗೆ ಜೀವ ಬಂತು; ಅವನು ಅಂಗೈ ಎತ್ತಿ ಸಿರಿಲ್‌ನದೇ ದನಿಯಲ್ಲಿ, "ಬೀಳತ್ತೆ ಅಂದೆನಲ್ಲಾ!" ಎಂದು ಕೂಗಿದ. ನಗು ಮೇಜಿನ ಸುತ್ತ ಹರಡಿತು.

ಸಿರಿಲ್ ಒಬ್ಬ ನಗಲಿಲ್ಲ. ಅವನ ಮುಖ ಕೆಂಪಾಗಿ, ಆಮೇಲೆ ಬಿಳಿಚಿತು. ಎದೆಯಿಂದ ಏನೋ ಒಂದು ಸದ್ದು ಹೊರಟಿತು. ಮೊದಲು ಅದು ಕೆಮ್ಮಿನಂತೆ ಕೇಳಿತು, ಆಮೇಲೆ ಅಳುವಿನಂತೆ. ಶಗುಫ್ತಾ ಗಾಬರಿಯಾಗಿ ಅವನ ಮಣಿಕಟ್ಟು ಹಿಡಿದು ನಾಡಿ ನೋಡತೊಡಗಿದಳು. ನಕ್ಕವರೆಲ್ಲ ಒಬ್ಬೊಬ್ಬರಾಗಿ ನಿಲ್ಲಿಸಿದರು. ಹೆಟ್ಟಿ ಕೂಡ ಕುರ್ಚಿಯಿಂದ ಅರ್ಧ ಎದ್ದಳು.

"ಲೋ ಸಿರಿಲ್," ಅಂದ ಡಗ್ಗಿ, ತನ್ನ ಸ್ವಂತ ದನಿಯಲ್ಲಿ. "ಏನಾಯ್ತೋ?"

ಸಿರಿಲ್ ಒಂದು ಕೈಯಲ್ಲಿ ಮೇಜನ್ನು, ಇನ್ನೊಂದರಲ್ಲಿ ಹೊಟ್ಟೆಯನ್ನು ಹಿಡಿದು, ಕಣ್ಣಲ್ಲಿ ನೀರು ಸುರಿಸುತ್ತ, ಮೇಜಿನ ಮೇಲಿನ ಸಸಿಗಳೆಲ್ಲ ಅಲುಗಾಡುವ ಹಾಗೆ, ಅವರೆಲ್ಲರೂ ಸೇರಿ ನಕ್ಕದ್ದಕ್ಕಿಂತ ಜೋರಾಗಿ ಅವನೊಬ್ಬನೇ ನಗುತ್ತಿದ್ದ.